ರೇಡಿಯೋ ಟವರ್ ಸುತ್ತ ಇಷ್ಟೊಂದು ಜಾಗ ಖಾಲಿ ಬಿಟ್ಟಿರೋದು ಯಾಕೆ?

ಸೈಟು_ಬೇಕಾಗಿದೆ
ಎಲ್ಲರಿಗೂ ನಮಸ್ಕಾರ. ಊರ ಹೊರಗಿನ ಹೊಸ ಲೇಔಟಿನಲ್ಲಿ ಒಂದು 30-40 ಸೈಟು ನೋಡಿದ್ದೇನೆ. ಲೇಔಟಿನ ಬೇಲಿಯಾಚೆಗೆ ರೇಡಿಯೋ ಪ್ರಸಾರದ ಟವರ್ ಇದೆ. ಮೀಡಿಯಂ ವೇವ್ ಅಂತೆ. ಕೆಂಪು ಬಿಳಿ ಪಟ್ಟೆ ಬಳಿದ ಒಂದೇ ಒಂದು ಕಂಬ, ಸುತ್ತ ಎಕರೆಗಟ್ಟಲೆ ಬರೀ ಹುಲ್ಲು. ಬ್ರೋಕರ್ ಹೇಳೋದು, "ಇವತ್ತಲ್ಲ ನಾಳೆ ಇದನ್ನ ಮುಚ್ತಾರೆ ಸಾರ್, ಆ ಜಾಗ ಪಾರ್ಕ್ ಆಗುತ್ತೆ, ನಿಮ್ಮ ಸೈಟಿನ ರೇಟು ಡಬಲ್." ಬ್ರೋಕರ್ ಮಾತು ಬಿಡಿ. ನನಗೆ ಅರ್ಥವಾಗದ್ದು ಬೇರೆ. ಮೊಬೈಲ್ ಟವರ್ ಮನೆ ತಾರಸಿ ಮೇಲೇ ನಿಲ್ಲುತ್ತದೆ, ಇದಕ್ಕೆ ಯಾಕೆ ಇಷ್ಟು ಜಾಗ? ಅಷ್ಟು ದೊಡ್ಡ ಕಂಬ ಬುಡದಲ್ಲಿ ಚೂಪಾಗಿ ಬಂದು ಒಂದು ಪಿಂಗಾಣಿ ತುಂಡಿನ ಮೇಲೆ ನಿಂತಿದೆ, ಅದೇನು? ಮುಖ್ಯವಾಗಿ, ಅಲ್ಲಿ ಮನೆ ಕಟ್ಟಿದರೆ ತೊಂದರೆ ಇದೆಯಾ?

ಸುಮ್ನೆ_ಓದ್ತೀನಿ
ಕರೆಂಟ್ ಬಿಲ್ ಉಳಿಯುತ್ತೆ ತಗೊಳ್ಳಿ. ಟ್ಯೂಬ್‌ಲೈಟ್ ಕೈಯಲ್ಲಿ ಹಿಡಿದರೇ ಉರಿಯುತ್ತೆ 😄

ಅರ್ಧತರಂಗ
ಪಿಂಗಾಣಿಯಿಂದ ಶುರು ಮಾಡ್ತೀನಿ. ಮೊಬೈಲ್ ಟವರ್‌ನಲ್ಲಿ ಕಬ್ಬಿಣ ಬರೀ ಆಧಾರ, ಆಂಟೆನಾ ಅಂದರೆ ಮೇಲೆ ಕಟ್ಟಿರುವ ಉದ್ದ ಡಬ್ಬಿಗಳು. ಮೀಡಿಯಂ ವೇವ್‌ನಲ್ಲಿ ಹಾಗಲ್ಲ. ಆ ಇಡೀ ಮಾಸ್ಟೇ ಆಂಟೆನಾ. ಬುಡದಿಂದ ತುದಿವರೆಗೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಅದಕ್ಕೇ ನೆಲಕ್ಕೆ ತಾಗದ ಹಾಗೆ ಇನ್ಸುಲೇಟರ್ ಮೇಲೆ ನಿಲ್ಲಿಸುತ್ತಾರೆ. ಪಿಂಗಾಣಿಯನ್ನು ಎಳೆದರೆ ಬೇಗ ಮುರಿಯುತ್ತದೆ, ಒತ್ತಿದರೆ ಟನ್‌ಗಟ್ಟಲೆ ಭಾರ ತಡೆಯುತ್ತದೆ. ಮಾಸ್ಟಿನ ತೂಕದ ಜೊತೆಗೆ ಗೈ ವೈರುಗಳ (ಮಾಸ್ಟ್ ಬೀಳದಂತೆ ಸುತ್ತಲೂ ಬಿಗಿದು ಕಟ್ಟುವ ತಂತಿಗಳು) ಎಳೆತವೂ ಕೆಳಮುಖವಾಗಿ ಅದರ ಮೇಲೇ ಬೀಳುತ್ತದೆ.

ಎತ್ತರಕ್ಕೆ ಕಾರಣ ತರಂಗಾಂತರ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ತಗೊಳ್ಳಿ. ಒಂದು ಅಲೆ 490 ಮೀಟರ್ ಉದ್ದ. ಅದರ ಕಾಲು ಭಾಗ ಅಂದರೂ 122 ಮೀಟರ್. ಧಾರವಾಡದ 765ಕ್ಕೆ 98 ಮೀಟರ್. ಎಫ್‌ಎಂನಲ್ಲಿ 100 ಮೆಗಾಹರ್ಟ್ಸ್‌ಗೆ ಕಾಲು ಅಲೆ ಅಂದರೆ ಮುಕ್ಕಾಲು ಮೀಟರ್ ಅಷ್ಟೇ. ಅದಕ್ಕೇ ಎಫ್‌ಎಂ ಆಂಟೆನಾ ಯಾವ ಟವರ್ ತುದಿಗೂ ಕಟ್ಟಬಹುದು, ಇದನ್ನು ಆಗಲ್ಲ.

ಲೆಕ್ಕಪುಸ್ತಕ
ಸರಿ, ಕಂಬ ಎತ್ತರ ಬೇಕು ಒಪ್ಪೋಣ. ಜಾಗ? ಬಿದ್ದರೆ ಯಾರ ಮೇಲೂ ಬೀಳಬಾರದು ಅಂತಲಾ? ಕಂಬ ನಿಲ್ಲೋದು ಒಂದು ಚದರ ಅಡಿಯಲ್ಲಿ. ಸುತ್ತ ಹತ್ತು ಹನ್ನೆರಡು ಎಕರೆ ಹುಲ್ಲು. ನಗರದ ಅಂಚಿನಲ್ಲಿ ಆ ಜಾಗದ ಬೆಲೆ ಗೊತ್ತಲ್ವಾ? ಸರ್ಕಾರಿ ಜಾಗ ಅಂದ ಕೂಡಲೇ ಯಾರಿಗೂ ಲೆಕ್ಕ ಬೇಡ. ಅಲ್ಲಿ ಒಂದು ಆಸ್ಪತ್ರೆ ಕಟ್ಟಬಹುದಿತ್ತು.

ನಿವೃತ್ತ_ಟೆಕ್ನಿಷಿಯನ್
ಆ ಜಾಗ ಖಾಲಿ ಇಲ್ಲ ಸ್ವಾಮಿ. ಆಂಟೆನಾದ ಅರ್ಧ ಭಾಗ ಅಲ್ಲಿ ನೆಲದ ಕೆಳಗಿದೆ. ಒಂದು ಗೇಣು ಅಗೆದರೆ ತಾಮ್ರ ಸಿಗುತ್ತದೆ. ನಾವು ಅದನ್ನ ಅರ್ಥ್ ಮ್ಯಾಟ್ ಅಂತಿದ್ವಿ. ಮಾಸ್ಟಿನ ಬುಡದಿಂದ ಸುತ್ತಲೂ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ, 3 ಡಿಗ್ರಿಗೆ ಒಂದರಂತೆ 120 ತಾಮ್ರದ ತಂತಿ. ಒಂದೊಂದೂ ಸುಮಾರು ಕಾಲು ಅಲೆಯಷ್ಟು ಉದ್ದ.

ಅರ್ಧತರಂಗ
ಲೆಕ್ಕಪುಸ್ತಕದವರಿಗೆ ಲೆಕ್ಕವನ್ನೇ ಕೊಡೋಣ. 612ಕ್ಕೆ ತಂತಿಯ ಉದ್ದ 122 ಮೀಟರ್ ಅಂದರೆ 120 ತಂತಿಗೆ ಹೆಚ್ಚುಕಡಿಮೆ ಹದಿನಾಲ್ಕೂವರೆ ಕಿಲೋಮೀಟರ್ ತಾಮ್ರ. ಆ ವೃತ್ತದ ವಿಸ್ತೀರ್ಣ ಹನ್ನೊಂದೂವರೆ ಎಕರೆ. ಚೌಕ ಬೇಲಿ ಹಾಕಿದರೆ ಹದಿನೈದು ಎಕರೆ ಹತ್ತಿರ. ಬಿದ್ದರೆ ಅನ್ನೋ ಭಯಕ್ಕೆ ಬಿಟ್ಟ ಜಾಗ ಅಲ್ಲ ಅದು.

ಲೆಕ್ಕಪುಸ್ತಕ
ಮನೆಗೆ ಅರ್ಥಿಂಗ್ ಅಂದರೆ ಒಂದು ಗುಂಡಿ, ಉಪ್ಪು, ಇದ್ದಿಲು. ಇದಕ್ಕೆ ಮಾತ್ರ ಹದಿನಾಲ್ಕು ಕಿಲೋಮೀಟರ್ ತಾಮ್ರ? ಯಾರೋ ಟೆಂಡರ್ ಚೆನ್ನಾಗಿ ಬರೆದಿದ್ದಾರೆ.

ಕಾಲೇಜು_ಮೇಷ್ಟ್ರು
ಮನೆಯ ಅರ್ಥಿಂಗ್ ಕೆಲಸವೇ ಬೇರೆ. ಅದು ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಲು. ಇಲ್ಲಿ ಕರೆಂಟ್ ನೆಲದಿಂದ ವಾಪಸ್ ಬರಬೇಕು. ಮಾಸ್ಟಿನಿಂದ ಹೊರಟದ್ದು ಗಾಳಿಯ ಮೂಲಕ ಸುತ್ತಲಿನ ನೆಲಕ್ಕೆ ಬಂದು, ನೆಲದಲ್ಲೇ ಹರಿದು ಬುಡಕ್ಕೆ ಮರಳುತ್ತದೆ. ಮಣ್ಣಿನಲ್ಲೇ ಹರಿದರೆ ಮಣ್ಣು ಬಿಸಿಯಾಗುತ್ತದೆ, ಪವರ್ ಅಲ್ಲೇ ಮುಗಿಯುತ್ತದೆ. ದಾರಿಗೆ ತಾಮ್ರ ಇದ್ದರೆ ಆ ನಷ್ಟ ತಪ್ಪುತ್ತದೆ.

120ರ ಸಂಖ್ಯೆ ಟೆಂಡರ್‌ನಿಂದ ಬಂದದ್ದಲ್ಲ. 1937ರಲ್ಲಿ ಅಮೆರಿಕದಲ್ಲಿ ಜಾರ್ಜ್ ಬ್ರೌನ್, ಲೂಯಿಸ್, ಎಪ್‌ಸ್ಟೀನ್ ಅನ್ನೋ ಮೂವರು ನ್ಯೂಜೆರ್ಸಿಯಲ್ಲಿ ಮಾಡಿದ ಪ್ರಯೋಗದ ವರದಿ ಪ್ರಕಟಿಸಿದರು. 3 ಮೆಗಾಹರ್ಟ್ಸ್‌ನಲ್ಲಿ ಅಳತೆ. ತಂತಿಗಳ ಸಂಖ್ಯೆ, ಉದ್ದ ಎರಡನ್ನೂ ಬದಲಿಸಿ, 113 ತಂತಿವರೆಗೆ ಹೂತು, ಪ್ರತಿ ಸಲ ಸಿಗ್ನಲ್ ಎಷ್ಟಿದೆ ಅಂತ ನೋಡಿದರು. 113 ತಂತಿ, ಕಾಲು ಅಲೆಗಿಂತ ಸ್ವಲ್ಪ ಜಾಸ್ತಿ ಉದ್ದ ಇಟ್ಟಾಗ ಅಳತೆ ಹೆಚ್ಚುಕಡಿಮೆ ಪುಸ್ತಕದ ಲೆಕ್ಕಕ್ಕೇ ಬಂತು. 15 ತಂತಿ ಮಾತ್ರ ಇದ್ದಾಗ ಉದ್ದ ಎಷ್ಟು ಹೆಚ್ಚಿಸಿದರೂ ದೊಡ್ಡ ಲಾಭ ಇಲ್ಲ, ಯಾಕಂದರೆ ದೂರ ಹೋದ ಹಾಗೆ ತಂತಿಗಳ ನಡುವಿನ ಅಂತರ ಜಾಸ್ತಿಯಾಗಿ ಕರೆಂಟ್ ಮಣ್ಣಿಗೇ ಇಳಿಯುತ್ತದೆ. ಅಲ್ಲಿನ ನಿಯಮದ 120 ಬಂದದ್ದು ಈ ಪ್ರಯೋಗದಿಂದ. ಇವತ್ತಿಗೂ ಅದನ್ನೇ ಎಲ್ಲರೂ ಹಿಡಿದುಕೊಂಡಿದ್ದಾರೆ.

ಸುಮ್ನೆ_ಓದ್ತೀನಿ
ಒಂದು ಗೇಣು ಅಗೆದರೆ ತಾಮ್ರ ಅಂತ ಬರೆದುಬಿಟ್ರಲ್ಲ ಸಾರ್, ಇವತ್ತು ರಾತ್ರಿ ಎಷ್ಟು ಜನ ಗುದ್ದಲಿ ಹಿಡಿದು ಹೊರಡ್ತಾರೋ.

ನಿವೃತ್ತ_ಟೆಕ್ನಿಷಿಯನ್
ನೀವು ತಮಾಷೆ ಮಾಡ್ತೀರಿ, ನಾವು ಅನುಭವಿಸಿದ್ದೇವೆ. ನಾನು ಕೆಲಸ ಮಾಡಿದ ಒಂದು ಕಡೆ, ಊರು ಹೇಳಲ್ಲ, ಬೇಲಿಯ ದೂರದ ಮೂಲೆಯಿಂದ ತಂತಿ ಎಳೆದುಕೊಂಡು ಹೋಗಿದ್ದರು. ಕಷ್ಟ ಏನು ಅಂದರೆ ಸ್ಟೇಷನ್ ಬಂದ್ ಆಗಲ್ಲ. ಟ್ರಾನ್ಸ್‌ಮಿಟರ್ ಎಂದಿನಂತೆ ಓಡುತ್ತದೆ, ಕಂಟ್ರೋಲ್ ರೂಮಿನಲ್ಲಿ ಎಲ್ಲ ದೀಪವೂ ಹಸಿರು. ಆದರೆ ಎಟಿಯು ರೂಮಿನ (ಮಾಸ್ಟಿನ ಬುಡದಲ್ಲಿ ಆಂಟೆನಾ ಟ್ಯೂನ್ ಮಾಡುವ ಕೋಣೆ) ಬೇಸ್ ಕರೆಂಟ್ ಮೀಟರ್ ಮುಳ್ಳು ಎಂದಿನ ಗೆರೆಗಿಂತ ಒಂದು ಕೂದಲು ಕೆಳಗೆ. ಲಾಗ್ ಬುಕ್ಕಿನಲ್ಲಿ ಹಿಂದಿನ ಪುಟ ತಿರುಗಿಸಿದರೇ ಗೊತ್ತಾಗೋದು. ಮೊದಲು ಮಳೆ ಇಲ್ಲ, ನೆಲ ಒಣಗಿದೆ, ಅದಕ್ಕೇ ಇರಬೇಕು ಅಂದುಕೊಂಡರು. ಅದೂ ಸಹಜವೇ, ಬೇಸಿಗೆಗೂ ಮಳೆಗಾಲಕ್ಕೂ ಆ ಮುಳ್ಳು ಸ್ವಲ್ಪ ಅಲ್ಲಾಡುತ್ತದೆ. ಮಳೆ ಬಂದಮೇಲೂ ಮೇಲೇಳಲಿಲ್ಲ. ಹುಲ್ಲಿನಲ್ಲಿ ನಡೆದು ನೋಡಿದಾಗ ಸಾಲಾಗಿ ಕಿತ್ತ ಗೆರೆಗಳು ಕಂಡವು.

ಬೆಳವಲದವ
ಪಾಪ ರೀ. ಹುಲ್ಲು ಅಂದಕೂಡ್ಲೇ ನೆನಪಾತು, ಅಲ್ಲಿ ದನ ಮೇಯಿಸ್ಲಿಕ್ಕೆ ಯಾಕ ಬಿಡೂದಿಲ್ಲ? ನಮ್ಮ ಕಡೆ ಬೇಲಿ ಸಂದಿ ಸಿಕ್ರ ಸಾಕು, ಕುರಿ ನುಗ್ತಾವು.

ನಿವೃತ್ತ_ಟೆಕ್ನಿಷಿಯನ್
ಹೊರಗಿನ ಜಾಗದಲ್ಲಿ ಮೇಯ್ದರೆ ಏನೂ ಆಗಲ್ಲ. ಬುಡದ ಒಳ ಬೇಲಿಗೆ ಬರಬಾರದು. ಅಲ್ಲಿ ಹುಲ್ಲನ್ನೂ ಬೆಳೆಯಲು ಬಿಡಲ್ಲ. ಒಂದು ಮಳೆಗಾಲ ಕತ್ತರಿಸುವುದು ತಡವಾಗಿತ್ತು. ಇನ್ಸುಲೇಟರ್ ಪಕ್ಕದ ಹುಲ್ಲಿನ ಎಸಳು ಎದ್ದು ಮಾಸ್ಟಿನ ಕಬ್ಬಿಣಕ್ಕೆ ತಾಗಿ, ತುದಿಗಳೆಲ್ಲ ಕಪ್ಪಗೆ ಕರಕಲು. ಹತ್ತಿರ ನಿಂತರೆ ಚುರುಚುರು ಶಬ್ದ. ಆ ಶಬ್ದದಲ್ಲೇ ಪ್ರದೇಶ ಸಮಾಚಾರ ಕೇಳುತ್ತಿತ್ತು, ಸುಳ್ಳಲ್ಲ. ಕಿಡಿಯ ಬಲ ಧ್ವನಿಗೆ ತಕ್ಕ ಹಾಗೆ ಏರಿಳಿಯುತ್ತದಲ್ಲ.

ಮಲ್ಲಿಗೆ_ಮೊಗ್ಗು
ಹುಲ್ಲು ವಾರ್ತೆ ಓದೋದು ಇವತ್ತೇ ಕೇಳಿದ್ದು 🙏 ನಮ್ಮ ತಾಯಿಮನೆ ಟವರ್ ಹತ್ತಿರವೇ ಇತ್ತು. ದೇವಸ್ಥಾನದ ಮೈಕಿನಲ್ಲಿ ಭಜನೆ ಮಧ್ಯೆ ರೇಡಿಯೋ ಹಾಡು ಬರ್ತಿತ್ತು. ಅರ್ಚಕರು ಪ್ರತಿಸಲ ಆಂಪ್ಲಿಫೈಯರ್ ತಲೆಗೆ ಒಂದು ಏಟು ಕೊಡೋರು.

ಹ್ಯಾಮ್_ಹುಚ್ಚ
ಮೇಡಂ, ಮೈಕಿನ ಉದ್ದ ವೈರೇ ಆಂಟೆನಾ ಆಗುತ್ತೆ, ಒಳಗಿನ ಟ್ರಾನ್ಸಿಸ್ಟರ್ ಡಿಟೆಕ್ಟರ್ ಆಗುತ್ತೆ, ಅಂದರೆ ರೇಡಿಯೋ ಅಲೆಯಿಂದ ಹಾಡನ್ನು ಬೇರ್ಪಡಿಸುತ್ತೆ. ವೈರನ್ನು ಫೆರೈಟ್ ರಿಂಗಿಗೆ ನಾಲ್ಕು ಸುತ್ತು ಸುತ್ತಿದರೆ ಬಹಳ ಸಲ ಹೋಗುತ್ತೆ. ಏಟು ಬೇಡ.

ಅರ್ಧತರಂಗ ಅವರಿಗೆ ಒಂದು ಸಣ್ಣ ತಿದ್ದುಪಡಿ. ಎಲ್ಲ ಮೀಡಿಯಂ ವೇವ್ ಮಾಸ್ಟೂ ಪಿಂಗಾಣಿ ಮೇಲೆ ನಿಲ್ಲಲ್ಲ. ಬುಡವನ್ನು ನೇರ ನೆಲಕ್ಕೇ ಜೋಡಿಸಿ, ಮಾಸ್ಟಿನ ಸುತ್ತ ತಂತಿಗಳನ್ನು ಇಳಿಬಿಟ್ಟು, ಆ ತಂತಿಗೆ ಪವರ್ ಕೊಡುವ ಪದ್ಧತಿಯೂ ಇದೆ. ಫೋಲ್ಡೆಡ್ ಯೂನಿಪೋಲ್. ಸಿಡಿಲಿಗೆ ಅದು ಒಳ್ಳೆಯದು, ಅದೇ ಮಾಸ್ಟಿನ ಮೇಲೆ ಎಫ್‌ಎಂ ಕೇಬಲ್ ಸುಲಭವಾಗಿ ಹತ್ತಿಸಬಹುದು.

ಅರ್ಧತರಂಗ
ಅದೂ ಇದೆ, ಸರಿ. ಆದರೆ ಇವರು ನೋಡಿದ್ದು ಪಿಂಗಾಣಿ ಮೇಲಿನದ್ದು. ಅಂಥದ್ದರಲ್ಲಿ ತುದಿಯ ಕೆಂಪು ದೀಪಕ್ಕೆ ಕರೆಂಟ್ ಕೊಡುವುದೇ ಒಂದು ಕಥೆ. ಸಾಮಾನ್ಯ ವೈರ್ ಎಳೆದರೆ ಪ್ರಸಾರದ ಪವರ್ ವೈರಿನಲ್ಲಿ ಇಳಿದು ಬರುತ್ತದೆ. ಅದಕ್ಕೆ ಚೋಕ್ (ಪ್ರಸಾರದ ಪವರ್ ತಡೆಯುವ ಸುರುಳಿ) ಹಾಕುತ್ತಾರೆ, ಇಲ್ಲವೇ ಒಂದಕ್ಕೊಂದು ತಾಗದ ಎರಡು ಬಳೆಗಳಿರುವ ಆಸ್ಟಿನ್ ಟ್ರಾನ್ಸ್‌ಫಾರ್ಮರ್. ಗೈ ವೈರುಗಳೂ ಒಂದೇ ಉದ್ದ ಇದ್ದರೆ ತಾವೇ ಆಂಟೆನಾ ಆಗಿಬಿಡುತ್ತವೆ, ಹಾಗಾಗಿ ತುಂಡು ತುಂಡು ಮಾಡಿ ಮಧ್ಯೆ ಮಧ್ಯೆ ಮೊಟ್ಟೆಯಾಕಾರದ ಇನ್ಸುಲೇಟರ್. ಅದರಲ್ಲಿ ಎರಡೂ ತಂತಿಯ ಕುಣಿಕೆಗಳು ಒಂದರೊಳಗೊಂದು ಹಾದಿರುತ್ತವೆ. ಪಿಂಗಾಣಿ ಒಡೆದರೂ ಗೈ ಬಿಡಲ್ಲ.

ಲೆಕ್ಕಪುಸ್ತಕ
ಇಂಜಿನಿಯರುಗಳ ಉತ್ಸಾಹ ಒಪ್ಪಿದೆ. ನನ್ನ ಪ್ರಶ್ನೆ ಅಲ್ಲೇ ಇದೆ. 2020ರ ದಶಕದಲ್ಲೂ 122 ಮೀಟರ್ ಕಂಬ ಯಾಕೆ? ಫೋನ್ ಸಣ್ಣದಾಯಿತು, ಟಿವಿ ತೆಳುವಾಯಿತು. ಈಜಿಪ್ಟಿನಲ್ಲಿ ಕಟ್ಟಡದ ಮೇಲೆ ಕೆಲವೇ ಮೀಟರಿನ ಮೀಡಿಯಂ ವೇವ್ ಆಂಟೆನಾ ಹಾಕಿದ್ದಾರೆ ಅಂತ ಓದಿದ್ದೇನೆ. ಕ್ರಾಸ್ಡ್ ಫೀಲ್ಡ್ ಆಂಟೆನಾ ಅಂತ. ಅದನ್ನು ತಂದರೆ ಜಾಗವೂ ಬೇಡ, ತಾಮ್ರವೂ ಬೇಡ.

ಹ್ಯಾಮ್_ಹುಚ್ಚ
ಬಂತು ನೋಡಿ ಸಿಎಫ್‌ಎ! ಹ್ಯಾಮ್‌ಗಳ (ಹವ್ಯಾಸಕ್ಕೆ ರೇಡಿಯೋ ನಡೆಸುವವರು) ಗುಂಪಿನಲ್ಲಿ ಈ ಹೆಸರು ಎತ್ತಿದರೆ ಆ ರಾತ್ರಿ ಯಾರೂ ಮಲಗಲ್ಲ.

ಕಾಲೇಜು_ಮೇಷ್ಟ್ರು
ಹೇಟ್‌ಲಿ ಮತ್ತು ಕಬ್ಬರಿ ಅನ್ನುವವರು 1980ರ ದಶಕದಲ್ಲಿ ಮುಂದಿಟ್ಟ ವಿಚಾರ ಅದು. ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರವನ್ನು ಬೇರೆ ಬೇರೆ ತಟ್ಟೆಗಳಲ್ಲಿ ಹುಟ್ಟಿಸಿ ಜೋಡಿಸಿದರೆ ಸಣ್ಣ ಆಂಟೆನಾದಿಂದಲೂ ಪೂರ್ತಿ ಪವರ್ ಹೊರಹೋಗುತ್ತದೆ ಅನ್ನೋ ವಾದ. ಸ್ವತಂತ್ರವಾಗಿ ಅಳೆದು ನೋಡಿದವರಿಗೆ ಆ ಲೆಕ್ಕ ಸಿಗಲಿಲ್ಲ. ಸಣ್ಣ ಆಂಟೆನಾಗೆ ಇರುವ ಮಿತಿಯನ್ನು 1947ರಲ್ಲಿ ವೀಲರ್, 1948ರಲ್ಲಿ ಚು ಬರೆದಿಟ್ಟಿದ್ದಾರೆ. ಅಲೆಯ ಉದ್ದಕ್ಕೆ ಹೋಲಿಸಿ ಆಂಟೆನಾ ಸಣ್ಣದಾದಷ್ಟೂ ಅದು ಕೆಲಸ ಮಾಡುವ ಬ್ಯಾಂಡ್, ಅಂದರೆ ಫ್ರೀಕ್ವೆನ್ಸಿಗಳ ಅಗಲ, ಇಕ್ಕಟ್ಟಾಗುತ್ತದೆ. ಫೋನ್ ಸಣ್ಣದಾಗಿದ್ದು ಅದರ ಅಲೆ ಸಣ್ಣದು ಅನ್ನೋ ಕಾರಣಕ್ಕೆ.

ಅರ್ಧತರಂಗ
ಇದರಲ್ಲಿ ಒಂದು ಮಜಾ ಇದೆ, ಬಹಳ ಜನ ಗಮನಿಸಲ್ಲ. ನಷ್ಟವೇ ಇಲ್ಲದ ನೆಲ ಇದ್ದರೆ, 1 ಕಿಲೋವ್ಯಾಟ್‌ಗೆ 1 ಕಿಲೋಮೀಟರ್ ದೂರದಲ್ಲಿ ತೀರಾ ಗಿಡ್ಡ ಮಾಸ್ಟ್ ಕೊಡೋ ಸಿಗ್ನಲ್ ಬಲ ಮೀಟರಿಗೆ 300 ಮಿಲಿವೋಲ್ಟ್. ಕಾಲು ಅಲೆ ಎತ್ತರದ್ದು ಕೊಡೋದು 313. ಅಷ್ಟೇ ವ್ಯತ್ಯಾಸ!

ಹಾಗಾದರೆ ಗಿಡ್ಡ ಮಾಸ್ಟೇ ಹಾಕಬಹುದಲ್ವಾ? ಆಗಲ್ಲ, ಯಾಕಂದರೆ ನೆಲದಲ್ಲಿ ನಷ್ಟ ಇದ್ದೇ ಇರುತ್ತದೆ. ಕಾಲು ಅಲೆ ಮಾಸ್ಟಿನ ರೇಡಿಯೇಷನ್ ರೆಸಿಸ್ಟೆನ್ಸ್ (ಅಲೆಯಾಗಿ ಹೊರಹೋಗುವ ಪವರ್‌ನ ಪಾಲನ್ನು ಓಮ್‌ನಲ್ಲಿ ಹೇಳುವ ಅಳತೆ) ಸುಮಾರು 36 ಓಮ್. ಅರ್ಥ್ ಮ್ಯಾಟಿನ ನಷ್ಟ 2 ಓಮ್ ಇದ್ದರೆ 38ರಲ್ಲಿ 36 ಕೆಲಸಕ್ಕೆ ಬಂತು, ಶೇಕಡಾ 95. ಅಲೆಯ ಹತ್ತನೇ ಒಂದರಷ್ಟು ಎತ್ತರ ಮಾಡಿದರೆ, 612ಕ್ಕೆ 49 ಮೀಟರ್, ರೇಡಿಯೇಷನ್ ರೆಸಿಸ್ಟೆನ್ಸ್ 4 ಓಮ್‌ಗೆ ಇಳಿಯುತ್ತದೆ. ಜಾಗವನ್ನೂ ಉಳಿಸಿ ಅರ್ಥ್ ಮ್ಯಾಟ್ ಚಿಕ್ಕದು ಮಾಡಿದಿರಿ, ನಷ್ಟ 4 ಓಮ್ ಆಯಿತು ಅಂದುಕೊಳ್ಳಿ. ಅರ್ಧ ಪವರ್ ಮಣ್ಣು ಕಾಯಿಸಲು ಹೋಯಿತು. ಆ ಕರೆಂಟ್ ಬಿಲ್ ಕಟ್ಟೋರು ಯಾರು ಲೆಕ್ಕಪುಸ್ತಕದವರೇ?

ಲೆಕ್ಕಪುಸ್ತಕ
ಎಕರೆಗೆ ಕೋಟಿಗಟ್ಟಲೆ ಬೆಲೆ ಇರುವ ಕಡೆ ಬಿಲ್ ಕಟ್ಟೋದೇ ಅಗ್ಗ ಆಗಬಹುದು. ಯಾರಾದರೂ ಕೂತು ಲೆಕ್ಕ ಹಾಕಿದ್ದಾರಾ?

ಅರ್ಧತರಂಗ
ಬಿಲ್ ಒಂದೇ ಅಲ್ಲ. ಗಿಡ್ಡ ಮಾಸ್ಟಿನಲ್ಲಿ ಬುಡದ ವೋಲ್ಟೇಜ್ ವಿಪರೀತ ಏರುತ್ತದೆ, ಗಿಡ್ಡತನ ಸರಿದೂಗಿಸುವ ಲೋಡಿಂಗ್ ಕಾಯಿಲ್ ದೊಡ್ಡದು ಬೇಕು, ಬ್ಯಾಂಡ್ ಇಕ್ಕಟ್ಟು. ಹಾಡಿನ ಮೇಲಿನ ಸ್ವರಗಳು ಮಂಕಾಗುತ್ತವೆ. ಡಿಆರ್‌ಎಂ ಡಿಜಿಟಲ್ ಪ್ರಸಾರಕ್ಕಂತೂ ಇದು ದೊಡ್ಡ ತಲೆನೋವು. ಎಎಂ (ಮಾಮೂಲಿ ಮೀಡಿಯಂ ವೇವ್ ಪ್ರಸಾರ) ಜೊತೆಗೇ ಡಿಜಿಟಲ್ ಕಳಿಸಬೇಕಾದರೆ 18 ರಿಂದ 20 ಕಿಲೋಹರ್ಟ್ಸ್ ಅಗಲ ಬೇಕು, ಮಧ್ಯದ ಫ್ರೀಕ್ವೆನ್ಸಿಯ ಎಡಕ್ಕೂ ಬಲಕ್ಕೂ ಆಂಟೆನಾ ಒಂದೇ ಥರ ವರ್ತಿಸಬೇಕು. ಜಾಗ ಇಲ್ಲದ ಕಡೆ ಮಾಸ್ಟಿನ ತಲೆಗೆ ಕೆಪಾಸಿಟಿ ಹ್ಯಾಟ್ (ಕೊಡೆಯ ಹಾಗೆ ಹರಡಿದ ಲೋಹದ ಕಡ್ಡಿಗಳು) ಹಾಕಿ ಸ್ವಲ್ಪ ಸುಧಾರಿಸಬಹುದು.

ಒಹಾಯೊ_ಕನ್ನಡಿಗ
ನಾನಿರೋದು ಸಿನ್ಸಿನಾಟಿ ಹತ್ತಿರ. ಇಲ್ಲಿ ಮೇಸನ್ ಊರಲ್ಲಿ ಡಬ್ಲ್ಯುಎಲ್‌ಡಬ್ಲ್ಯು ಸ್ಟೇಷನ್ನಿನ ಮಾಸ್ಟ್ ಇದೆ. 700 ಕಿಲೋಹರ್ಟ್ಸ್. 1934ರಲ್ಲಿ 500 ಕಿಲೋವ್ಯಾಟ್ ಹಾಕಿ ಕೂಗಿಸಿದ ಸ್ಟೇಷನ್ ಇದೇ. ಆಗ 831 ಅಡಿ ಎತ್ತರ. ಆಕಾರ ವಿಚಿತ್ರ, ಮೇಲೂ ಕೆಳಗೂ ಚೂಪು, ನಡುವೆ ಹೊಟ್ಟೆ. ಹೆದ್ದಾರಿಯಿಂದ ಹೋಗುವಾಗ ಮಕ್ಕಳಿಗೆ ತೋರಿಸಿದರೆ "ಇದು ಯಾಕೆ ಉಲ್ಟಾ ನಿಂತಿದೆ?" ಅಂತ ಕೇಳ್ತಾರೆ. ಸುತ್ತಮುತ್ತಲ ಮನೆಯ ಮಳೆನೀರಿನ ತಗಡಿನ ದೋಣಿಯೆಲ್ಲ ಹಾಡುತ್ತಿತ್ತು ಅಂತ ಹಳಬರ ಕಥೆಗಳು ಬೇಕಾದಷ್ಟಿವೆ.

ಕಾಲೇಜು_ಮೇಷ್ಟ್ರು
ಬ್ಲಾ-ನಾಕ್ಸ್ ಮಾಸ್ಟ್ ಅದು. ಆ ಹೊಟ್ಟೆ ಬರೀ ಕಟ್ಟಡದ ಅನುಕೂಲಕ್ಕೆ, ಗೈ ವೈರ್ ಕಟ್ಟುವ ಜಾಗದಲ್ಲಿ ಗಟ್ಟಿ ಇರಲಿ ಅಂತ. ರೇಡಿಯೋ ದೃಷ್ಟಿಯಿಂದ ಒಳ್ಳೆಯದಲ್ಲ, ಕರೆಂಟಿನ ಹಂಚಿಕೆ ಕೆಡುತ್ತದೆ. ಉದ್ದಕ್ಕೂ ಒಂದೇ ದಪ್ಪ ಇರುವ ಮಾಸ್ಟ್ ಮೇಲು ಅಂತ ಬ್ರೌನ್ ಅವರೇ ತೋರಿಸಿದರು, ಆಮೇಲೆ ಎಲ್ಲ ಕಡೆ ಅದೇ ಬಂತು.

ಇದೇ ಜಾತಿಯ ಇನ್ನೊಂದು, ನ್ಯಾಶ್‌ವಿಲ್ಲಿನ ಡಬ್ಲ್ಯುಎಸ್‌ಎಂ, 650 ಕಿಲೋಹರ್ಟ್ಸ್. 1932ರಲ್ಲಿ ಕಟ್ಟಿದಾಗ 878 ಅಡಿ. ಎತ್ತರ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನೋ ನಂಬಿಕೆ ಆಗ. 1939ರಲ್ಲಿ ಅದನ್ನು 808 ಅಡಿಗೆ ಇಳಿಸಿದರು! ರಾತ್ರಿ ದೂರದ ಊರುಗಳಲ್ಲಿ ಸಿಗ್ನಲ್ ತನ್ನನ್ನು ತಾನೇ ಹೊಡೆದು ಹಾಕುತ್ತಿತ್ತು.

ಮಲ್ಲಿಗೆ_ಮೊಗ್ಗು
ತನ್ನನ್ನು ತಾನೇ ಹೊಡೆಯೋದು ಅಂದರೆ? ರಾತ್ರಿ ಹೊತ್ತು ನಾಟಕ ಕೇಳುವಾಗ ದನಿ ಹತ್ತಿರ ಬಂದು ದೂರ ಹೋಗ್ತಿತ್ತಲ್ಲ, ಅದೇನಾ?

ಅರ್ಧತರಂಗ
ಅದೇ ಮೇಡಂ. ಹಗಲು ನಮಗೆ ಸಿಗೋದು ನೆಲ ಹಿಡಿದು ಬರುವ ಅಲೆ ಮಾತ್ರ. ಮೇಲಕ್ಕೆ ಹೋದದ್ದನ್ನು ಆಕಾಶದಲ್ಲಿ ಡಿ ಪದರ ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಇರಲ್ಲ, ಮೇಲಿನ ಪದರಗಳಿಗೆ ಬಡಿದು ಅಲೆ ವಾಪಸ್ ಬರುತ್ತದೆ. ಎರಡೂ ಸಮಬಲ ಇರುವ ಜಾಗದಲ್ಲಿ ಒಮ್ಮೆ ಕೂಡುತ್ತವೆ, ಒಮ್ಮೆ ಕಳೆಯುತ್ತವೆ. ಸ್ಟೇಷನ್ನಿಗೆ ತೀರಾ ಹತ್ತಿರದವರಿಗೆ ತೊಂದರೆ ಇಲ್ಲ, ಮಧ್ಯದ ಊರುಗಳಿಗೇ ಕಾಟ.

ಇದಕ್ಕೆ ಮದ್ದು ಮಾಸ್ಟಿನ ಎತ್ತರದಲ್ಲಿದೆ. ಅರ್ಧ ಅಲೆಗಿಂತ ಒಂದಿಷ್ಟು ಜಾಸ್ತಿ, 0.53 ಅಲೆ ಆಸುಪಾಸು ಇಟ್ಟರೆ ಮೇಲ್ಮುಖವಾಗಿ ಹೋಗುವ ಪವರ್ ಕಡಿಮೆಯಾಗಿ ಫೇಡಿಂಗ್ (ದನಿಯ ಈ ಏರಿಳಿತ) ಶುರುವಾಗುವ ಜಾಗ ದೂರ ಸರಿಯುತ್ತದೆ. 808 ಅಡಿಯನ್ನು 650ರ ಅಲೆಗೆ ಹೋಲಿಸಿ ನೋಡಿ, 0.53 ಬರುತ್ತದೆ. 878 ಅಡಿ 0.58. ಅಷ್ಟು ಎತ್ತರದಲ್ಲಿ ಕಡಿದಾದ ಕೋನದಲ್ಲಿ ಇನ್ನೊಂದು ಕವಲು ಏಳುತ್ತದೆ, ಅದೇ ತಿರುಗಿ ಬಂದು ಹೊಡೆಯೋದು. 0.625 ಅಲೆ ಎತ್ತರಕ್ಕೆ ನೆಲದ ಅಲೆ ಅತಿ ಹೆಚ್ಚು, 1 ಕಿಲೋವ್ಯಾಟ್‌ಗೆ 1 ಕಿಲೋಮೀಟರ್ ದೂರದಲ್ಲಿ ಮೀಟರಿಗೆ 440 ಮಿಲಿವೋಲ್ಟ್. ಆದರೂ ರಾತ್ರಿಯ ಕಾಟದಿಂದ ಹಾಗೆ ಕಟ್ಟೋದು ಅಪರೂಪ.

ಕಡಲತಡಿ
ನಮ್ಮ ಕಡೆಯ ಮಾತು ಹೇಳ್ತೇನೆ. ಬ್ರಹ್ಮಾವರದ ಟವರ್, 1089. ದೋಣಿಯಲ್ಲಿ ಮೀನಿಗೆ ಹೋದವರಿಗೆ ಕಡಲ ಕರೆ ಕಾಣದಷ್ಟು ದೂರದಲ್ಲೂ ಪಕ್ಕದ ಮನೆಯಲ್ಲಿ ಹಾಕಿದ ಹಾಗೆ ಕೇಳ್ತದೆ. ಅದರ ಅರ್ಧ ದೂರಕ್ಕೆ ಘಟ್ಟದ ಬುಡದಲ್ಲಿ ಅತ್ತೆಮನೆ, ಅಲ್ಲಿ ರೇಡಿಯೋ ತಿರುಗಿಸಿ ತಿರುಗಿಸಿ ಕೂರಿಸಬೇಕು. ಟವರ್ ಒಂದೇ ಅಲ್ವಾ ಮಾರಾಯ್ರೆ?

ಕಾಲೇಜು_ಮೇಷ್ಟ್ರು
ಸಮುದ್ರದ ನೀರು ನಿಮ್ಮ ಪರವಾಗಿದೆ. ಅದರ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್. ಒಣ ಕಲ್ಲು ನೆಲದ್ದು 0.001. ಐದು ಸಾವಿರ ಪಟ್ಟು ವ್ಯತ್ಯಾಸ. ಉಪ್ಪುನೀರಿನ ಮೇಲೆ 1 ಮೆಗಾಹರ್ಟ್ಸ್ ಅಲೆ ಒಳಗಿಳಿಯೋದು ಕಾಲು ಮೀಟರಿಗಿಂತ ಕಡಿಮೆ, ನಷ್ಟ ಏನೂ ಇಲ್ಲದ ಹಾಗೆ ಜಾರಿಕೊಂಡು ಹೋಗುತ್ತದೆ. ಒಳ್ಳೆಯ ಹೊಲದ ಮಣ್ಣಲ್ಲಿ 5 ಮೀಟರ್ ಇಳಿಯುತ್ತದೆ, ಕಲ್ಲು ನೆಲದಲ್ಲಿ ಇನ್ನೂ ಆಳ. ಹೋಗ್ತಾ ಹೋಗ್ತಾ ನೆಲವೇ ತಿಂದುಬಿಡುತ್ತದೆ. ಗದ್ದೆ ಬಯಲು, ಕಡಲ ತೀರ, ಜೌಗು ಇರುವ ಕಡೆ ಮೀಡಿಯಂ ವೇವ್ ಸ್ಟೇಷನ್ ಹುಡುಕಿ ಕಟ್ಟೋದು ಇದಕ್ಕೇ. ಬೆಟ್ಟದ ತುದಿ ಎಫ್‌ಎಂಗೆ ಬೇಕು, ಇದಕ್ಕೆ ಹಸಿ ತಗ್ಗು ಬೇಕು.

ಬೆಳವಲದವ
ಹಂಗಾದ್ರ ನಮ್ಮ ಕರಿ ಮಣ್ಣು ಛಲೋ ಅಂದಂಗಾತು. ಧಾರವಾಡ ಸ್ಟೇಷನ್ ಎಷ್ಟು ದೂರದ ತನಕ ಕೇಳತಿತ್ತಂದ್ರ, ಹೊಲದಾಗ ಎತ್ತಿನ ಗಾಡಿಗೆ ರೇಡಿಯೋ ಕಟ್ಟಿಕೊಂಡು ಹೋಗತಿದ್ರು ನಮ್ಮ ಕಾಕಾ.

ಕಾಲೇಜು_ಮೇಷ್ಟ್ರು
ತೇವ ಹಿಡಿಯುವ ಮಣ್ಣು, ಹೌದು ರೀ, ಕಲ್ಲು ನೆಲಕ್ಕಿಂತ ಎಷ್ಟೋ ಮೇಲು.

ಸುಮ್ನೆ_ಓದ್ತೀನಿ
ಸೈಟು ಕೇಳೋಕೆ ಬಂದವರು ಓಡಿಹೋದ್ರಾ?

ಸೈಟು_ಬೇಕಾಗಿದೆ
ಇದ್ದೀನಿ ಸರ್, ಓದ್ತಾ ಇದ್ದೀನಿ. ಅರ್ಧ ಅರ್ಥವಾಯಿತು. ಮನೆ ಕಟ್ಟಿದರೆ ಆರೋಗ್ಯಕ್ಕೆ ಏನಾದರೂ?

ಅರ್ಧತರಂಗ
ದೊಡ್ಡ ಸ್ಟೇಷನ್ ಅಂತಲೇ ಹಿಡಿದು 200 ಕಿಲೋವ್ಯಾಟ್ ಲೆಕ್ಕ ಹಾಕೋಣ. ಕಾಲು ಅಲೆ ಮಾಸ್ಟ್. 1 ಕಿಲೋಮೀಟರ್ ದೂರದಲ್ಲಿ ಮೀಟರಿಗೆ 4.4 ವೋಲ್ಟ್. 300 ಮೀಟರ್ ದೂರಕ್ಕೆ ಬಂದರೆ 15 ಆಸುಪಾಸು. ಐಸಿಎನ್‌ಐಆರ್‌ಪಿಯ (ವಿಕಿರಣದ ಸುರಕ್ಷಿತ ಮಿತಿ ಹೇಳುವ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆ) 1998ರ ಮಾರ್ಗಸೂಚಿಯಲ್ಲಿ ಸಾರ್ವಜನಿಕರಿಗೆ 150 ಕಿಲೋಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್‌ವರೆಗೆ ಇಟ್ಟ ಮಿತಿ ಮೀಟರಿಗೆ 87 ವೋಲ್ಟ್. ನಿಮ್ಮ ಸೈಟು ಮಾಸ್ಟಿನಿಂದ ಎಷ್ಟು ದೂರ ಅಂತ ಅಳೆಯಿರಿ, ಬೇಲಿಯಿಂದ ಅಲ್ಲ.

ನಿವೃತ್ತ_ಟೆಕ್ನಿಷಿಯನ್
ಲೆಕ್ಕ ಸರಿ. ಆದರೆ ನಾನು ಹೆದರೋದು ಬೇರೆಯದಕ್ಕೆ. ಉದ್ದನೆಯ ಕಬ್ಬಿಣ. ಬೋರ್‌ವೆಲ್ ರಿಪೇರಿಗೆ ಜಿಐ ಪೈಪನ್ನು ಮೇಲಕ್ಕೆತ್ತುತ್ತಾರಲ್ಲ, ಲಾರಿಯ ಕ್ರೇನ್ ತುದಿಯಲ್ಲಿ ತೂಗುವ ಆ ಪೈಪು, ಹಗ್ಗ, ಕೊಕ್ಕೆ ಎಲ್ಲ ಸೇರಿ ಆಂಟೆನಾ ಆಗುತ್ತದೆ. ಹಿಡಿಯಲು ಹೋದ ಹುಡುಗನ ಬೆರಳಿನ ತುದಿ ಸುಟ್ಟಿದ್ದು ನೋಡಿದ್ದೇನೆ. ಸಾಮಾನ್ಯ ಶಾಕ್ ಥರ ಜುಮ್ ಅನ್ನಲ್ಲ, ನೇರ ಸುಡುತ್ತದೆ, ಚುಕ್ಕೆಯಷ್ಟೇ ಬಿಳಿ ಗಾಯ, ಒಳಗೆ ಆಳ. ಮನೆ ಕಟ್ಟುವಾಗ ಕಂಬಿ ಎತ್ತುವ ಕ್ರೇನಿಗೂ ಇದೇ ಮಾತು. ಕೊಕ್ಕೆಗೂ ಹಗ್ಗಕ್ಕೂ ಮಧ್ಯೆ ನೈಲಾನ್ ಬೆಲ್ಟ್ ಹಾಕಿ. ಸ್ಟೇಷನ್ನಿಗೆ ಹೋಗಿ ಮಾತಾಡಿದರೆ ಪ್ರಸಾರ ಇಲ್ಲದ ಹೊತ್ತು ಹೇಳ್ತಾರೆ, ಆಗ ಎತ್ತಿಸಿ. ಬೋರಿಗೆ ಪ್ಲಾಸ್ಟಿಕ್ ಪೈಪೇ ಹಾಕಿಬಿಡಿ.

ಮಾಸ್ಟ್ ಹತ್ತುವವರಿಗೂ ಇದೇ ಪಾಠ. ಚಾಲೂ ಇದ್ದಾಗ ಒಂದು ಕಾಲು ನೆಲ, ಒಂದು ಕೈ ಮಾಸ್ಟ್ ಅಂತ ಆಗಲೇಬಾರದು. ಹಳಬರು ಹಾರಿ ಹತ್ತುತ್ತಿದ್ದರು. ನಮ್ಮ ಕಾಲಕ್ಕೆ ಬಂದ್ ಮಾಡಿ, ಬುಡಕ್ಕೆ ಅರ್ಥಿಂಗ್ ಕೊಕ್ಕೆ ಸಿಕ್ಕಿಸಿದ ಮೇಲೇ ಹತ್ತೋದು.

ಸೈಟು_ಬೇಕಾಗಿದೆ
ಇದು ಯಾರೂ ಹೇಳಿರಲಿಲ್ಲ. ಧನ್ಯವಾದ ಸರ್. ಅಳೆದು ನೋಡ್ತೀನಿ.

ಲೆಕ್ಕಪುಸ್ತಕ
ಕೊನೆಯ ಸಲ ಕೇಳ್ತೀನಿ. ಕೇಳೋರು ಎಷ್ಟು ಜನ ಉಳಿದಿದ್ದಾರೆ? ಎಲ್ಲ ಕಡೆ ಎಫ್‌ಎಂ ಹಾಕಿ ಇದನ್ನು ಮುಚ್ಚಿದರೆ ಯಾರಿಗೆ ನಷ್ಟ?

ಕಡಲತಡಿ
ದೋಣಿಯವರಿಗೆ. ಎಫ್‌ಎಂ ಅಷ್ಟು ದೂರ ಬರುವುದಿಲ್ಲ. ತೂಫಾನಿನ ಎಚ್ಚರಿಕೆ ಕೇಳಲಿಕ್ಕೆ ಅಲ್ಲಿ ಫೋನಿಗೆ ನೆಟ್‌ವರ್ಕ್ ಎಲ್ಲಿಂದ?

ಮಲ್ಲಿಗೆ_ಮೊಗ್ಗು
ನನಗೂ. ಆದರೆ ಒಂದು ಮಾತು ನಿಜ, ಮನೆಯಲ್ಲಿ ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ಅಡುಗೆಮನೆ ರೇಡಿಯೋ ಬರೀ ಗೊರ್ ಅನ್ನುತ್ತೆ.

ಹ್ಯಾಮ್_ಹುಚ್ಚ
ಬಲ್ಬ್‌ನ ಅಗ್ಗದ ಡ್ರೈವರ್ ಅದಕ್ಕೆ ಕಾರಣ ಮೇಡಂ. ರೇಡಿಯೋವನ್ನು ನಿಂತಲ್ಲೇ ಸುತ್ತ ತಿರುಗಿಸಿ ನೋಡಿ, ಒಳಗಿನ ಫೆರೈಟ್ ಕಡ್ಡಿಯ ತುದಿ ಬಲ್ಬಿನ ಕಡೆ ಬಂದಾಗ ಗೊರ್ ಕಡಿಮೆಯಾಗಬಹುದು.

ನನ್ನದೂ ಒಂದು ಪ್ರಶ್ನೆ ಇದೆ. 160 ಮೀಟರ್ ಬ್ಯಾಂಡಿಗೆ (ಸುಮಾರು ಅಷ್ಟು ಉದ್ದದ ಅಲೆಗಳ ಹ್ಯಾಮ್ ಬ್ಯಾಂಡ್) ಮನೆಯಲ್ಲೇ ಆಂಟೆನಾ ಕಟ್ಟಬೇಕು. ಕಾಲು ಅಲೆ 41 ಮೀಟರ್, ನನ್ನ ಸೈಟು 30-40. ತಾರಸಿ ಪೈಪಿನ ತುದಿ 12 ಮೀಟರ್. ಇನ್ವರ್ಟೆಡ್ ಎಲ್ ಅಂದುಕೊಂಡಿದ್ದೇನೆ, 12 ಮೀಟರ್ ಮೇಲಕ್ಕೆ, ಉಳಿದದ್ದು ರಸ್ತೆ ಬದಿಗೆ ಅಡ್ಡ. ರೇಡಿಯಲ್, ಅಂದರೆ ಅರ್ಥ್ ಮ್ಯಾಟಿನ ತಂತಿ, ಹೂಳಲು ಜಾಗವೇ ಇಲ್ಲ. ಎಸ್‌ಡಬ್ಲ್ಯುಆರ್ (ಆಂಟೆನಾ 50 ಓಮ್ ಕೇಬಲ್‌ಗೆ ಎಷ್ಟು ಹೊಂದಿದೆ ಅನ್ನೋ ಅಳತೆ) ಮಾತ್ರ ಚೆನ್ನಾಗಿ ಬರ್ತಿದೆ.

ಅರ್ಧತರಂಗ
ಎಸ್‌ಡಬ್ಲ್ಯುಆರ್ ಚೆನ್ನಾಗಿ ಬಂದಿದ್ದೇ ಅನುಮಾನಕ್ಕೆ ಕಾರಣ. 12 ಮೀಟರ್ ಎತ್ತರಕ್ಕೆ ರೇಡಿಯೇಷನ್ ರೆಸಿಸ್ಟೆನ್ಸ್ ಹತ್ತು ಓಮ್ ಕೂಡ ಇರಲ್ಲ. ಮೀಟರ್ 50 ಹತ್ತಿರ ತೋರಿಸಿದರೆ ಮಿಕ್ಕ 40 ಓಮ್ ನಿಮ್ಮ ಮಣ್ಣಿನದು.

ನಿವೃತ್ತ_ಟೆಕ್ನಿಷಿಯನ್
ಕಾಂಪೌಂಡ್ ಉದ್ದಕ್ಕೂ, ಮನೆ ಸುತ್ತ, ಎಲ್ಲೆಲ್ಲಿ ಆಗುತ್ತೋ ಅಲ್ಲಿ ತಂತಿ ಹಾಕಿ. ನೇರವೇ ಇರಬೇಕು ಅಂತಿಲ್ಲ, ಸಣ್ಣದಾದರೂ ಸಂಖ್ಯೆ ಜಾಸ್ತಿ ಇರಲಿ. ಹೂದೋಟದ ಮಣ್ಣಿನ ಕೆಳಗೆ ಕೋಳಿ ಬಲೆ ಹಾಸಿ, ಅಂಚುಗಳನ್ನು ಬೆಸುಗೆ ಹಾಕಿ ಸೇರಿಸಿ, ಬರೀ ತಿರುಚಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ನಾಲ್ಕು ನಾಲ್ಕು ತಂತಿ ಸೇರಿಸಿದ ಹಾಗೆ ಬುಡದ ಓಮ್ ಅಳೆದು ಬರೆದಿಟ್ಟುಕೊಳ್ಳಿ. ಇಳಿಯುವುದು ನಿಂತಾಗ ತಂತಿ ಹಾಕೋದೂ ನಿಲ್ಲಿಸಿ.

ಹ್ಯಾಮ್_ಹುಚ್ಚ
ಭಾನುವಾರ ಕೋಳಿ ಬಲೆ ತರ್ತೀನಿ ಸರ್. ಮನೆಯವರಿಗೆ ಹೂದೋಟ ಅಗೆಯೋ ವಿಷಯ ಹೇಳೋದೊಂದು ಬಾಕಿ.